ಕವಿ ಪರಿಚಯ ಬಾಯಿಗೆ ಬಂತು, ಕವನ ಎಲ್ಲಿ ಹೋಯ್ತು?



ಈ ಸಲ ಗಾದೆ, ಒಗಟು, ನಗೆಹನಿ ಬರೆಯೋದು ಬಿಟ್ಟು ನನ್ನದೊಂದು ಅಭಿಪ್ರಾಯ ಬರೆದಿದ್ದೇನೆ. ಬೈಯೋದಿದ್ದರೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನಾವು ಕನ್ನಡ ಓದೋ ಕ್ರಮ ಹೇಗಿದೆ? ಮೊದಲು ಕವಿ ಪರಿಚಯ. ಸ್ಥಳ, ಕಾಲ, ಕೃತಿ, ಪ್ರಶಸ್ತಿ ನಾಲ್ಕನ್ನೂ ಉರು ಹೊಡೀತೀವಿ. ಆಮೇಲೆ ಗೈಡು ನೋಡಿ ಸಾರಾಂಶ. ಆಮೇಲೆ ಅಲಂಕಾರದ ಹೆಸರು, ಲಕ್ಷಣ, ಸಮನ್ವಯ. ಪರೀಕ್ಷೆಗೆ ಇಷ್ಟಾದರೆ ಸಾಕು. ‘ಕವನ ಓದಿದೆಯಾ?’ ಅಂತ ಯಾರಾದರೂ ಕೇಳಿದರೆ ಮಾತ್ರ ತಲೆ ಕೆರ್ಕೋತೀವಿ. ನಾನೂ ಹೀಗೇ ಇದ್ದೆ. ನನ್ನ ಕಣ್ಣು ತೆರೆಸಿದ್ದು ಗೈಡಲ್ಲ, ನಮ್ಮಮ್ಮ.

ಬಿ.ಆರ್. ಲಕ್ಷ್ಮಣರಾವ್ ಅವರ ‘ಅಮ್ಮ ನಿನ್ನ ಎದೆಯಾಳದಲ್ಲಿ’ ಭಾವಗೀತೆಯನ್ನು ನೀವೆಲ್ಲ ಕೇಳಿರುತ್ತೀರಿ. ಪ್ರತಿಭಾ ಕಾರಂಜಿಯಲ್ಲಿ ನಾನು ಅದನ್ನೇ ಹಾಡಿದೆ. ಹಾಡುವ ಮುಂಚೆ ‘ಇದು ತಾಯಿಯ ಮಹಿಮೆಯನ್ನು ಕೊಂಡಾಡುವ ಗೀತೆ’ ಅಂತ ಜೋರಾಗಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಯಂಕಾಲ ಅಮ್ಮ ಫಿಲೇಚರ್‌ನಿಂದ ಕೂಲಿ ಮುಗಿಸಿ ಬಂದರು. ದಿನವೆಲ್ಲ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ ಅವರ ಬೆರಳು ಬೆಳ್ಳಗೆ ಸುಕ್ಕಾಗಿರುತ್ತೆ. ನನಗೂ ಒಂದು ಸಲ ಹಾಡೇ ಅಂದರು. ಹಾಡಿದೆ. ನಮ್ಮನೆ ಮಾತು ತೆಲುಗು. ಅಮ್ಮ ಶಾಲೆಗೆ ಹೋದವರಲ್ಲ, ಕನ್ನಡ ಕಲಿತದ್ದು ಸಂತೆಯಲ್ಲಿ, ಬಸ್ಸಿನಲ್ಲಿ. ಎಲ್ಲಾ ಕೇಳಿ ಅವರು ಹೇಳಿದ್ದು ಒಂದೇ ಮಾತು: ‘ಅದಿ ಪೋತಾನಂಟುಂದಿ ಕದಾ.’ ಅಂದರೆ, ಆ ಮಗು ಹೋಗ್ತೀನಿ ಅಂತಿದೆಯಲ್ಲಾ!

ನನಗೆ ನಾಚಿಕೆಯಾಯ್ತು. ರಾತ್ರಿ ಹಾಡನ್ನು ಬರೆದಿಟ್ಟುಕೊಂಡು ಮೂರು ಸಲ ಓದಿದೆ. ಅಮ್ಮ ಹೇಳಿದ್ದೇ ನಿಜ. ಅಲ್ಲಿ ಮಾತಾಡುವುದು ಮಗು, ಕೇಳುವವಳು ತಾಯಿ. ಮೊದಲಿಗೆ ಮಗು ತನ್ನನ್ನು ಗಾಳಕ್ಕೆ ಸಿಕ್ಕ ಮೀನು ಅಂತ ಕರೆದುಕೊಳ್ಳುತ್ತೆ. ‘ಮೀನಿನಂತೆ’ ಅನ್ನೋದಿಲ್ಲ, ಮೀನೇ ತಾನು ಅನ್ನುತ್ತೆ. ನಾವು ಉರು ಹೊಡೆದ ರೂಪಕಾಲಂಕಾರ ಇದೇ. ಆದರೆ ಗಾಳ ಯಾವುದು? ಅಮ್ಮನ ಪ್ರೀತಿಯೇ ಗಾಳ. ಪ್ರೀತಿ ನೋಯಿಸುತ್ತೆ ಕೂಡ ಅಂತ ಹೇಳುವ ಧೈರ್ಯ ಆ ಒಂದು ರೂಪಕದಲ್ಲಿದೆ. ಆಮೇಲೆ ಗೂಡು ಬರುತ್ತೆ. ಬೆಚ್ಚಗಿನ ಗೂಡಿನಿಂದ ನನ್ನನ್ನು ಹೊರಗೆ ತಳ್ಳು ಅಂತ ಮಗುವೇ ಕೇಳುತ್ತೆ. ಕೊನೆಗೆ ಭಾರವಿಲ್ಲದ ಸ್ಥಿತಿ, ಇಂಧನ ಎಂಬ ಮಾತುಗಳು. ರಾಕೆಟ್ ಅನ್ನೋ ಪದ ಎಲ್ಲೂ ಇಲ್ಲ, ಆದರೂ ರಾಕೆಟ್ ಕಣ್ಣಿಗೆ ಕಾಣುತ್ತೆ. ಅಮ್ಮನೇ ಭೂಮಿ, ಅವಳ ಸೆಳೆತವೇ ಗುರುತ್ವಾಕರ್ಷಣೆ. ಇಂಧನ ಮುಗಿದ ಮೇಲೆ ಮಗು ಅಮ್ಮನ ತೊಡೆಗೇ ವಾಪಸ್ಸು ಬರುತ್ತೆ. ಮೀನು, ಹಕ್ಕಿ, ರಾಕೆಟ್: ನೀರಿಂದ ಆಕಾಶಕ್ಕೆ, ಆಕಾಶದಿಂದ ಮತ್ತೆ ಮಣ್ಣಿಗೆ. ಇದನ್ನು ‘ತಾಯಿಯ ಮಹಿಮೆ’ ಅಂತ ಎರಡು ಪದದಲ್ಲಿ ಮುಗಿಸಿದ್ದೆನಲ್ಲಾ!

ಮರುದಿನ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಕವನದಲ್ಲಿರೋದು ಹಕ್ಕಿಗೂಡು. ಅಮ್ಮನಿಗೆ ಗೂಡು ಅಂದರೆ ರೇಷ್ಮೆ ಗೂಡು. ‘ಚಿಟ್ಟೆ ಗೂಡು ಕೊರೆದು ಹೊರಗೆ ಬಂದರೆ ನಮಗೆ ನೂಲು ಸಿಗಲ್ಲ. ಬಿಡದೆ ಬೇಯಿಸಿದರೆ ನೂಲು ಸಿಗುತ್ತೆ, ಹುಳ ಸಾಯುತ್ತೆ’ ಅಂದು ಸುಮ್ಮನಾದರು. ಹತ್ತನೇ ತರಗತಿ ಆದಮೇಲೆ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಪಿ.ಯು.ಸಿ. ಓದ್ತೀನಿ ಅಂತ ನಾನು ಕೇಳಿ ಆರು ತಿಂಗಳಾಗಿತ್ತು. ಬೇಡ ಅಂತಲೇ ಹೇಳುತ್ತಿದ್ದರು. ಅವತ್ತು ಮಾತ್ರ ಬೇಡ ಅನ್ನಲಿಲ್ಲ. ‘ರಿಸಲ್ಟು ಬರಲಿ, ನೋಡೋಣ’ ಅಂದರು.

ಹಾಗಾದರೆ ಕವಿ ಪರಿಚಯ ಬೇಡವೇ ಅಂತ ಕೇಳಬಹುದು. ಬೇಕು. ಕವನ ಓದಿದ ಮೇಲೆ ಬೇಕು. ಲಕ್ಷ್ಮಣರಾವ್ ಹುಟ್ಟಿದ್ದು 1946ರಲ್ಲಿ, ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಚೀಮಂಗಲದಲ್ಲಿ. ಅನೇಕ ವರ್ಷ ಚಿಂತಾಮಣಿಯಲ್ಲೇ ಇದ್ದು ಬರೆದರು. ಮೊದಲೇ ಓದಿದ್ದರೆ ಇದು ಒಂದು ಅಂಕದ ಉತ್ತರ ಆಗ್ತಿತ್ತು. ಕವನ ಹಿಡಿಸಿದ ಮೇಲೆ ತಿಳಿದಾಗ ‘ಅರೆ, ನಮ್ಮ ಕಡೆಯವರೇ!’ ಅಂತ ಎದೆ ಉಬ್ಬಿತು. ಕವಿಗಳೆಲ್ಲ ಎಲ್ಲೋ ದೂರದವರು ಅನ್ನೋ ಭಯ ಹೋಯ್ತು.

ಕಥೆಗೂ ಇದೇ ಮಾತು. ಮಾಸ್ತಿಯವರ ‘ರಂಗನ ಮದುವೆ’ಯನ್ನು ಲೈಬ್ರರಿ ಬೀರುವಿನಿಂದ ತಂದು ಓದಿದೆ. ಅಲ್ಲಿ ‘ನಾನು’ ಅನ್ನುವವನು ಮಾಸ್ತಿ ಅಲ್ಲ, ಶ್ಯಾಮ. ಅವನೇ ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ರಂಗನ ಮದುವೆ ಹೂಡಿದವನು. ತಾನು ಮಾಡಿದ್ದನ್ನು ತಾನೇ ಹೇಳುವಾಗ ಸ್ವಲ್ಪ ಜಂಭ ಇದ್ದೇ ಇರುತ್ತೆ. ನಗು ಬರುವುದೇ ಅದರಿಂದ. ನಕ್ಕಾದ ಮೇಲೆ ನನಗೊಂದು ಪ್ರಶ್ನೆ ಬಂತು: ರತ್ನಳಿಗೆ ಆಗ ಹನ್ನೊಂದು ವರ್ಷ, ಅವಳನ್ನು ಯಾರು ಕೇಳಿದರು? ನೂರು ವರ್ಷಕ್ಕೂ ಹಿಂದಿನ ಕಥೆ, ಆಗಿನ ಕಾಲ ಹಾಗಿತ್ತು, ಸರಿ. ಆದರೆ ಹೇಳುವವನು ಬೇರೆ, ಬರೆದವರು ಬೇರೆ ಅಂತ ತಿಳಿದರೆ ಮಾತ್ರ ಇಂಥ ಪ್ರಶ್ನೆ ಕೇಳೋಕೆ ಆಗುತ್ತೆ.

ನನ್ನ ಗೆಳತಿಯೊಬ್ಬಳು ‘ನಾವು ಮನೇಲಿ ತೆಲುಗಿನೋರು, ನಮಗೆ ಇದೆಲ್ಲ ಬರಲ್ಲ, ಗೈಡೇ ಗತಿ’ ಅಂತಾಳೆ. ಒಪ್ಪೋದಿಲ್ಲ ಕಣೇ! ಮಾಸ್ತಿಯವರ ಮನೆಮಾತು ತಮಿಳು. ಹುಟ್ಟಿದ್ದು 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ನಮ್ಮ ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆ ಆಗುವ ತನಕ ನಾವೂ ಅವರೂ ಒಂದೇ ಕೋಲಾರ ಜಿಲ್ಲೆ. ಅವರಿಗೆ 1983ರ ಜ್ಞಾನಪೀಠ ಬಂದದ್ದು ಕನ್ನಡದಲ್ಲಿ ಬರೆದದ್ದಕ್ಕೆ. ನಮ್ಮ ಕೈವಾರ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಎರಡು ಭಾಷೆ ಇರೋ ಮನೆಯಲ್ಲಿ ಎರಡು ಕಿವಿ ಇರುತ್ತೆ. ಅದು ಕೊರತೆಯಲ್ಲ.

ಅಂಕ ಬೇಡ ಅಂತ ನಾನು ಹೇಳ್ತಿಲ್ಲ. ನನಗೇ ಅಂಕ ಬೇಕು, ಇಲ್ಲದಿದ್ದರೆ ಹಾಸ್ಟೆಲ್ ಸಿಗಲ್ಲ. ಆದರೆ ಕ್ರಮ ಬದಲಾಯಿಸೋಣ. ಮೊದಲು ಕವನವನ್ನು ಬಾಯಿಬಿಟ್ಟು ಮೂರು ಸಲ ಓದೋಣ. ಮಾತಾಡೋರು ಯಾರು, ಯಾರ ಹತ್ತಿರ, ಏನು ಕೇಳ್ತಿದ್ದಾರೆ, ಈ ಮೂರನ್ನು ನಾವೇ ಬರೆಯೋಣ. ಅಲಂಕಾರ ಗುರುತಿಸಿದ ಮೇಲೆ ‘ಇದೇ ಹೋಲಿಕೆ ಯಾಕೆ?’ ಅಂತ ಒಂದು ಸಾಲು ಸೇರಿಸೋಣ. ಗೈಡು, ಕವಿ ಪರಿಚಯ ಆಮೇಲೆ ನೋಡೋಣ. ಹೀಗೆ ಓದಿದ್ದು ಮರೆಯೋದಿಲ್ಲ, ಅಂಕವೂ ಹೋಗೋದಿಲ್ಲ.

ಇನ್ನೊಂದು ಮಾತು. ಓದಿದ ಕವನವನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅಕ್ಷರ ಬಾರದವರಿಗೆ ಅರ್ಥ ಬಾರದು ಅಂದುಕೊಳ್ಳಬೇಡಿ. ನನಗೆ ಅರ್ಥ ಹೇಳಿದವರೇ ಅವರು.

ಏನಂತೀರಿ? ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ, ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

ಇಂತಿ ನಿಮ್ಮ ಗೆಳತಿ,
10ನೇ ತರಗತಿ