ರೋಗದ ಜೀನೂ ಪ್ರಯೋಗದ ಇಲಿಯೂ

"ಕಲಾ ವಿಭಾಗದವರಿಗೆ ಇಲಿಯ ಗೊಡವೆಯೇಕೆ?" ಎಂದು ನಾನು ಬರೆಯಲಿರುವ ವಿಷಯವನ್ನು ಕೇಳಿದೊಡನೆ ಮಿತ್ರರೊಬ್ಬರು ನಕ್ಕರು. ನಗಲಿ. ಆದರೆ ವಾಚನಾಲಯದಲ್ಲಿ ಕುಳಿತು 'ಕ್ಯಾನ್ಸರಿನ ಜೀನು ಪತ್ತೆ' ಎಂಬಂತಹ ತಲೆಬರಹಗಳನ್ನು ಓದುವವರು ನಾವೇ ಅಲ್ಲವೆ? ಓದಿ, ಅಜ್ಜಿಗೆ ಬಂದ ರೋಗವು ತಮ್ಮ ಹಣೆಯಲ್ಲಿಯೂ ಬರೆದಿದೆಯೆಂದು ಹೆದರುವವರೂ ನಾವೇ. ಆದುದರಿಂದ ಒಂದು ಜೀನು ಒಂದು ರೋಗದಲ್ಲಿ ವಹಿಸುವ ಪಾತ್ರವನ್ನು ವಿಜ್ಞಾನಿಗಳು ಹೇಗೆ ಕಂಡುಕೊಳ್ಳುತ್ತಾರೆಂಬುದನ್ನು ತಿಳಿಯುವುದು ನಮಗೂ ಅಗತ್ಯ. 'ಯಾವ ಜೀನು?' ಎಂದು ಕೇಳಿದರೆ ಸಾಲದು. 'ದೇಹದ ಯಾವ ಭಾಗದಲ್ಲಿ, ಯಾವ ಕಾಲದಲ್ಲಿ?' ಎಂದೂ ಕೇಳಬೇಕು. ಅಲ್ಲಿಯವರೆಗೆ ಇಂತಹ ತಲೆಬರಹಗಳು ಅರ್ಧ ಮಾತುಗಳೇ ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಒಬ್ಬರ ಕೆಲಸವೆಷ್ಟೆಂಬುದು ಅವರು ಊರಿಗೆ ಹೋದಾಗ ತಿಳಿಯುತ್ತದೆ. ಇದೇ ತರ್ಕದಿಂದ, ಇಲಿಯ ಒಂದು ಜೀನನ್ನು ಕೆಡಿಸಿ ಏನಾಗುವುದೆಂದು ನೋಡುವ ಕ್ರಮವು ಬಂದಿತು. ಇಂತಹ 'ನಾಕ್‌ಔಟ್' ಇಲಿಗಳು ಮೊದಲು ಹುಟ್ಟಿದ್ದು 1989ರಲ್ಲಿ. ಈ ಕ್ರಮಕ್ಕೆ ತಳಹದಿ ಹಾಕಿದ ಕಪೆಕ್ಕಿ, ಇವಾನ್ಸ್, ಸ್ಮಿತೀಸ್ ಎಂಬ ಮೂವರಿಗೆ 2007ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ತರ್ಕವು ಸರಳವಾದಷ್ಟು ದೇಹವು ಸರಳವಲ್ಲ. ಬಿ.ಆರ್.ಸಿ.ಎ.-1 ಎಂಬ ಜೀನನ್ನೇ ನೋಡೋಣ. ತಾಯಿಯಿಂದಲೋ ತಂದೆಯಿಂದಲೋ ಇದರ ಒಂದು ಕೆಟ್ಟ ಪ್ರತಿಯನ್ನು ಪಡೆದ ಹೆಂಗಸರಿಗೆ ಸ್ತನದ ಮತ್ತು ಅಂಡಾಶಯದ ಕ್ಯಾನ್ಸರು ಬರುವ ಸಂಭವವು ಬಹಳ ಹೆಚ್ಚು. ಈ ಜೀನನ್ನು 1994ರಲ್ಲಿ ಗುರುತಿಸಿದ ಮೇಲೆ ಇಲಿಯಲ್ಲಿಯೂ ಅದನ್ನು ಕೆಡಿಸಿ ನೋಡಿದರು. ಎರಡು ಪ್ರತಿಗಳೂ ಕೆಟ್ಟ ಇಲಿಮರಿಗಳು ತಾಯಿಯ ಗರ್ಭದಲ್ಲಿಯೇ ಸತ್ತವು. ರೋಗಿಗಳಾದ ಹೆಂಗಸರಲ್ಲಿರುವಂತೆ ಒಂದೇ ಪ್ರತಿ ಕೆಟ್ಟ ಇಲಿಗಳು ಉಳಿದ ಇಲಿಗಳಂತೆಯೇ ಆರೋಗ್ಯವಾಗಿ ಓಡಾಡಿಕೊಂಡಿದ್ದವು! ಒಂದರಲ್ಲಿ ಸ್ತನವು ಮೂಡುವ ಮೊದಲೇ ಸಾವು, ಇನ್ನೊಂದರಲ್ಲಿ ರೋಗವೇ ಇಲ್ಲ. ಸ್ತನದ ಕ್ಯಾನ್ಸರನ್ನು ಕುರಿತು ಎರಡೂ ಒಂದಕ್ಷರವನ್ನೂ ಹೇಳಲಿಲ್ಲ.

ನಮ್ಮ ಕಡೆಯ ರೈತನಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಯಾವ ಕಾಲುವೆಯ ನೀರು ಯಾವ ಗದ್ದೆಗೆ ಹೋಗುತ್ತದೆಂದು ತಿಳಿಯಬೇಕಾದರೆ ಆ ಕಾಲುವೆಯೊಂದರ ಬಾಯಿಯನ್ನು ಮುಚ್ಚಿ ನೋಡಬೇಕೇ ಹೊರತು ಕೆರೆಯ ಏರಿಯನ್ನೇ ಒಡೆಯಬಾರದು.

ಕಾಲುವೆಯ ಬಾಯಿಯೊಂದನ್ನೇ ಮುಚ್ಚುವ ಉಪಾಯವು ಬ್ಯಾಕ್ಟೀರಿಯಾಗಳನ್ನು ಹಿಡಿಯುವ ಪಿ-1 ಎಂಬ ವೈರಸ್ಸಿನಿಂದ ಬಂದಿತು. ಅದರಲ್ಲಿ 'ಕ್ರೀ' ಎಂಬ ಕಿಣ್ವವಿದೆ. 34 ಅಕ್ಷರಗಳಷ್ಟು ಉದ್ದದ 'ಲಾಕ್ಸ್-ಪಿ' ಎಂಬ ಗುರುತು ಡಿ.ಎನ್.ಎ.ಯಲ್ಲಿ ಎರಡು ಕಡೆ ಒಂದೇ ದಿಕ್ಕಿಗೆ ಮುಖಮಾಡಿದ್ದರೆ, ಈ ಕಿಣ್ವವು ನಡುವಿನ ತುಂಡನ್ನು ಕತ್ತರಿಸಿ ತೆಗೆದು ತುದಿಗಳನ್ನು ಜೋಡಿಸಿಬಿಡುತ್ತದೆ. ಬೇಕಾದ ಜೀನಿನ ಎರಡು ಪಕ್ಕದಲ್ಲಿ ಗುರುತುಗಳಿರುವ ಇಲಿಯನ್ನು, ಕತ್ತರಿಯು ಒಂದು ಅಂಗದಲ್ಲಿ ಮಾತ್ರ ಹುಟ್ಟುವ ಇಲಿಯೊಡನೆ ಕೂಡಿಸಿ ತಳಿ ಬೆಳೆಸಿದರಾಯಿತು: ಜೀನು ಆ ಅಂಗದಲ್ಲಿ ಮಾತ್ರ ಇಲ್ಲವಾಗುತ್ತದೆ. ಜರ್ಮನಿಯ ಕಲೋನಿನಲ್ಲಿ ರಾಯೆವ್ಸ್ಕಿಯವರ ತಂಡವು 1994ರಲ್ಲಿ ರಕ್ತದ ಟಿ-ಕೋಶಗಳಲ್ಲಿ ಇದನ್ನು ಸಾಧಿಸಿ ತೋರಿಸಿತು. ಟ್ಯಾಮಾಕ್ಸಿಫೆನ್ ಎಂಬ ಔಷಧವನ್ನು ಕೊಟ್ಟಾಗ ಮಾತ್ರ ಕೆಲಸ ಮಾಡುವ ಕತ್ತರಿಗಳೂ ಅನಂತರ ಬಂದವು. ಹೀಗೆ ಸ್ಥಳದೊಡನೆ ಕಾಲವೂ ಕೈವಶವಾಯಿತು.

ಅಮೆರಿಕದಲ್ಲಿ ಡೆಂಗ್ ಅವರ ತಂಡವು 1999ರಲ್ಲಿ ಬಿ.ಆರ್.ಸಿ.ಎ.-1 ಜೀನನ್ನು ಇಲಿಯ ಸ್ತನದ ಕೋಶಗಳಲ್ಲಿ ಮಾತ್ರ ಕೆಡಿಸಿತು. ಇಲಿಗಳು ಹುಟ್ಟಿದವು, ಬೆಳೆದವು. ಗೆಡ್ಡೆಗಳೇನೋ ಬಂದವು, ಆದರೆ ಬಹಳ ತಡವಾಗಿ, ಕೆಲವು ಇಲಿಗಳಲ್ಲಿ ಮಾತ್ರ. ಪಿ-53 ಎಂಬ ಇನ್ನೊಂದು ಜೀನಿನ ಒಂದು ಪ್ರತಿಯನ್ನೂ ಕೆಡಿಸಿದಾಗ ಅವು ಬೇಗ ಬಂದವು. ಎಂದರೆ ಆ ಜೀನು ಹೋದ ಮಾತ್ರಕ್ಕೆ ಕ್ಯಾನ್ಸರಾಗುವುದಿಲ್ಲ. ಕೋಶದಲ್ಲಿ ಬೇರೆ ಕೇಡುಗಳೂ ಕೂಡಬೇಕು. 'ಕ್ಯಾನ್ಸರಿನ ಜೀನು' ಎಂಬ ಪತ್ರಿಕೆಯ ಮಾತಿಗೂ ಇದಕ್ಕೂ ಎಷ್ಟು ಅಂತರ! ಮುಂದೆ 2008ರಲ್ಲಿ ಆಮ್‌ಸ್ಟರ್‌ಡಾಮಿನ ಕ್ಯಾನ್ಸರ್ ಸಂಸ್ಥೆಯವರು ಈ ಎರಡು ಜೀನುಗಳನ್ನೂ ಹೀಗೆಯೇ ತೆಗೆದ ಇಲಿಗಳ ಗೆಡ್ಡೆಗಳ ಮೇಲೆ ಓಲಾಪರಿಬ್ ಎಂಬ ಔಷಧವನ್ನು ಪರೀಕ್ಷಿಸಿದರು. ಗೆಡ್ಡೆಗಳು ಕುಗ್ಗಿದವು, ದಿನ ಕಳೆದಂತೆ ಔಷಧಕ್ಕೆ ಬಗ್ಗದೆ ಮತ್ತೆ ಬೆಳೆದವು. ಔಷಧವನ್ನು ಹೊರಕ್ಕೆ ನೂಕುವ ಪಂಪನ್ನು ಕೋಶಗಳು ಹೆಚ್ಚಿಸಿಕೊಂಡದ್ದು ಅದಕ್ಕೆ ಒಂದು ಕಾರಣ. 2014ರಲ್ಲಿ ಅಮೆರಿಕವು ಈ ಔಷಧವನ್ನು ಅಂಡಾಶಯದ ಕ್ಯಾನ್ಸರಿಗೆ ಒಪ್ಪಿತು.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪಣೆಯನ್ನೂ ಹೇಳಲೇಬೇಕು. ಎರಡು ಪ್ರತಿಗಳಲ್ಲಿಯೂ ಗುರುತುಗಳಿರುವ ಹೆಣ್ಣಿಗೆ, ಒಂದು ಪ್ರತಿಯಲ್ಲಿ ಗುರುತುಗಳೂ ಜೊತೆಗೆ ಕತ್ತರಿಯೂ ಇರುವ ಗಂಡನ್ನು ಕೂಡಿಸಿದರೆ, ಎಂಟು ಮರಿಗಳಲ್ಲಿ ಸರಾಸರಿ ಎರಡು ಮಾತ್ರ ಪ್ರಯೋಗಕ್ಕೆ ಬೇಕಾದವು. ಉಳಿದ ಆರರಲ್ಲಿ ಕೆಲವು ಹೋಲಿಕೆಗೆ, ಕೆಲವು ತಳಿಗೆ, ಮಿಕ್ಕವುಗಳಿಗೆ ಸಾವು. ಇಷ್ಟು ಬೆಲೆ ಕೊಟ್ಟು ಪಡೆದ ಉತ್ತರವು ನಂಬುವಂತಿರಬೇಡವೆ? ಕತ್ತರಿಯು ತಾನೇ ಕೋಶಕ್ಕೆ ಹಾನಿ ಮಾಡುವುದುಂಟು. ಮಿದುಳಿನ ಜೀನುಗಳನ್ನು ತೆಗೆಯಲು ಬಳಸುವ 'ನೆಸ್ಟಿನ್-ಕ್ರೀ' ಎಂಬ ತಳಿಯ ಇಲಿಗಳು ಯಾವ ಜೀನನ್ನೂ ತೆಗೆಯದಿದ್ದರೂ ಮೈಯಲ್ಲಿ ಚಿಕ್ಕವಾಗಿರುತ್ತವೆ. ಇದನ್ನರಿಯದವನು ಇಲಿ ಚಿಕ್ಕದಾದದ್ದಕ್ಕೆ ತಾನು ತೆಗೆದ ಜೀನೇ ಕಾರಣವೆಂದು ಬರೆದುಬಿಟ್ಟಾನು. ಆದುದರಿಂದ ಕತ್ತರಿ ಮಾತ್ರ ಇದ್ದು ಗುರುತುಗಳಿಲ್ಲದ ಇಲಿಯನ್ನೂ ಹೋಲಿಕೆಗೆ ಇಡಬೇಕು. ಮೇಲೆ ಹೇಳಿದ ಜೋಡಿಗೆ ಅಂತಹ ಮರಿ ಹುಟ್ಟುವುದೇ ಇಲ್ಲ. ಅದಕ್ಕೆ ಬೇರೆ ಜೋಡಿ, ಬೇರೆ ಪಂಜರ, ಬೇರೆ ಖರ್ಚು. ಸೋಮಾರಿತನವು ನುಸುಳುವುದು ಇಲ್ಲಿಯೇ.

ಹಾಗೆಂದು ಇಂತಹ ಪ್ರಯೋಗಗಳೇ ಬೇಡವೆನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ರೋಗಕ್ಕೆ ಹೆದರಿ ಕುಳಿತಿರುವ ಹೆಂಗಸಿಗೆ ಇಲಿಯನ್ನು ತೋರಿಸಿ ಕರುಣೆಯ ಪಾಠವನ್ನು ಹೇಳುವುದು ನನ್ನಿಂದಾಗದು. ನಮ್ಮ ದೇಶದಲ್ಲಿ 1998ರ ನಿಯಮಗಳ ಪ್ರಕಾರ ಇಂತಹ ಪ್ರಯೋಗಕ್ಕೆ ಮೊದಲು ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವವರು ಇಲಿಗಳೆಷ್ಟು ಬೇಕೆಂದು ಕೇಳುವುದರೊಡನೆ ಕತ್ತರಿ ಮಾತ್ರವಿರುವ ಇಲಿಗಳೆಷ್ಟು ಎಂದೂ ಕೇಳಲಿ. ಅವುಗಳ ಲೆಕ್ಕವಿಲ್ಲದ ಅರ್ಜಿಯನ್ನು ಹಿಂದಕ್ಕೆ ಕಳುಹಿಸಲಿ.