ತಪ್ಪು ಯಂತ್ರದ್ದೆ?

ಚಿತ್ರಗಳಿಲ್ಲದೆ ಬರಿಯ ಅಕ್ಷರಗಳಲ್ಲೇ ನಡೆಯುವ ಕಂಪ್ಯೂಟರ್ ಆಟವೊಂದುಂಟು. ಹೆಸರು ‘ಮಡ್’. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳಿಬ್ಬರು ಮೊದಲನೆಯದನ್ನು ರಚಿಸಿದರು. ಅಂಥದೊಂದನ್ನು ನಾನು ‘ಮಡ್ಲೆಟ್’ ಎಂಬ ಪ್ರೋಗ್ರಾಮಿನ ಮೂಲಕ ಆಡುತ್ತೇನೆ. ಇಂಥ ಸಾಲು ಬಂದರೆ ಇಂಥ ಆಜ್ಞೆ ಕಳಿಸು ಎಂದು ಅದರಲ್ಲಿ ಮೊದಲೇ ಬರೆದಿಡಬಹುದು. ಅದಕ್ಕೆ ‘ಟ್ರಿಗರ್’ ಎನ್ನುತ್ತಾರೆ.

ಗಾಯವಾದೊಡನೆ ಔಷಧ ಕುಡಿಯುವಂತೆ ನಾನೊಂದು ಟ್ರಿಗರ್ ಬರೆದಿದ್ದೆ. ಅದು ಕದಲಲೇ ಇಲ್ಲ. ನನ್ನ ವೀರ ಎರಡು ಬಾರಿ ಮಡಿದ. ಪ್ರೋಗ್ರಾಮನ್ನು ಬೈದು, ಎಲ್ಲ ಅಳಿಸಿ, ಅದನ್ನೇ ಮತ್ತೆ ಬರೆದೆ. (ಹಾಸ್ಟೆಲಿನ ಗೆಳೆಯರ ಸಲಹೆಯೂ ಯಾವಾಗಲೂ ಇದೇ!) ಈ ಪದ್ಧತಿಯೇ ತಪ್ಪೆಂಬುದು ನನ್ನ ವಾದ. ಆಟ ಕಳಿಸಿದ ಸಾಲನ್ನೇ ನಕಲು ಮಾಡಿ, ನಾವು ಬರೆದುದರ ಪಕ್ಕದಲ್ಲಿಟ್ಟು ಮೊದಲು ಓದಬೇಕು. ಇಡೀ ಸಾಲು ಹೊಂದಬೇಕೆಂದು ಕೇಳಿದ್ದರೆ, ಕೊನೆಯಲ್ಲಿರುವ ಒಂದು ಖಾಲಿ ಜಾಗವೂ ಕೆಲಸ ಕೆಡಿಸೀತು. ‘ರೆಜೆಕ್ಸ್’ ಬಗೆಯಲ್ಲಿ ಪ್ರಶ್ನೆಚಿಹ್ನೆಗೆ, ಆವರಣಕ್ಕೆ ಬೇರೆಯೇ ಅರ್ಥ. ನನ್ನ ಸಂಗತಿ ಇವೆರಡೂ ಅಲ್ಲ. ಸರ್ವರು ಉದ್ದ ವಾಕ್ಯವನ್ನು 80 ಅಕ್ಷರಗಳಿಗೆ ಮುರಿದು ಎರಡು ಸಾಲಾಗಿ ಕಳಿಸುತ್ತಿತ್ತು. ನನ್ನ ಕಣ್ಣು ಕೂಡಿಸಿ ಓದಿತು. ಟ್ರಿಗರು ಒಂದೊಂದೇ ಸಾಲು ನೋಡಿತು. ಆಟದಲ್ಲಿ ಸಾಲಿನ ಅಗಲ ಹೆಚ್ಚಿಸಿದೆ, ಔಷಧ ಗಂಟಲಿಗಿಳಿಯಿತು.

ಇದು ಕಾಲಹರಣವೆಂದು ನಗುವವರಿಗೊಂದು ಮಾತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಂಕ ಕಡಮೆ ಬಂದಾಗಲೆಲ್ಲ ಪ್ರಶ್ನೆಪತ್ರಿಕೆಯನ್ನು ಬೈದು, ಅದೇ ನೋಟ್ಸನ್ನು ಮತ್ತೆ ಉರು ಹೊಡೆಯುತ್ತಿದ್ದೆ. ಕಳೆದ ಸಲ ಮಾತ್ರ ಉತ್ತರಪತ್ರಿಕೆಯ ನಕಲು ತರಿಸಿ, ಪ್ರಶ್ನೆಗಳ ಪಕ್ಕದಲ್ಲಿಟ್ಟು ಓದಿದೆ. ‘ವಿಮರ್ಶಿಸಿ’ ಎಂದು ಕೇಳಿದಲ್ಲೆಲ್ಲ ನಾನು ವಿವರಿಸಿ ಬಂದಿದ್ದೆ.