ಕರಾರು ಮುರಿದವರು ಯಾರು?

ಕರಾರು ಎಂದರೆ ಇಬ್ಬರ ಮಾತು. ಒಬ್ಬ ಸರಕು ಕೊಡಬೇಕು, ಇನ್ನೊಬ್ಬ ಹಣ ತೆರಬೇಕು. ನೂಲು ಕಳಿಸದೆ ನೂಲಿನ ಬೆಲೆ ಕೇಳುವ ವ್ಯಾಪಾರಿಯನ್ನು ಪೇಟೆಯಲ್ಲಿ ಯಾರೂ ಹತ್ತಿರ ಸೇರಿಸುವುದಿಲ್ಲ. ಕೆಲಸಕ್ಕೆ ಬಾರದ ದಿನದ ಕೂಲಿಯನ್ನು ಯಾವ ಗಿರಣಿಯ ಮಾಲೀಕನೂ ಕೊಡುವುದಿಲ್ಲ. ಹತ್ತು ನಿಮಿಷ ತಡವಾದರೆ ಗೇಟಿನಲ್ಲೇ ತಡೆಯುತ್ತಾನೆ. ದುಡಿಯುವ ಜನಕ್ಕೆ ಕಲಿಸಿರುವ ನ್ಯಾಯ ಇದು. ಆದರೆ ಮೊಬೈಲ್ ಕಂಪನಿಗಳಿಗೆ ಬೇರೆಯೇ ನ್ಯಾಯವಿದೆ. ಅವರು ಸಿಗ್ನಲ್ ಕೊಡದಿದ್ದರೂ ತಿಂಗಳ ಹಣ ಸಲ್ಲಬೇಕು. ಇವರ ಸಹವಾಸವೇ ಸಾಕೆಂದು ಬಿಟ್ಟು ಹೊರಟವನು, ಅವಧಿಗೆ ಮುಂಚೆ ಕರಾರು ಮುರಿದ ಅಪರಾಧಿಯಾಗಿ ದಂಡ ತೆರಬೇಕು!

ನಾವು ಕೇಳುತ್ತೇವೆ: ಮೊದಲು ಕರಾರು ಮುರಿದವರು ಯಾರು?

ಮೊಬೈಲ್ ಫೋನು ಉಳ್ಳವರ ಶೋಕಿ ಎಂದು ಇಂದು ಯಾರೂ ಹೇಳಲಾರರು. ಗಿರಾಕಿ ಅಂಗಡಿಯ ಮುಂದೆ ನಿಂತು ಫೋನಿನಿಂದ ಹಣ ಕಳಿಸುತ್ತಾನೆ. ನೆಟ್‌ವರ್ಕ್ ಇಲ್ಲದಿದ್ದರೆ ಸಾಮಾನನ್ನು ಅಲ್ಲೇ ಇಟ್ಟು ಮುಂದಿನ ಅಂಗಡಿಗೆ ನಡೆಯುತ್ತಾನೆ. ಕಾರ್ಮಿಕ ತನ್ನದೇ ಭವಿಷ್ಯನಿಧಿಯ ಹಣ ಬಿಡಿಸಿಕೊಳ್ಳಬೇಕಾದರೆ ಆಧಾರ್‌ಗೆ ಸೇರಿಸಿದ ನಂಬರಿಗೆ ಓಟಿಪಿ ಬರಬೇಕು. ಬ್ಯಾಂಕಿನ ವ್ಯವಹಾರಕ್ಕೂ ಅದೇ ನಂಬರು. ಸರ್ಕಾರವೇ ಜನರ ಬದುಕಿನ ಕಾಗದಪತ್ರಗಳನ್ನೆಲ್ಲ ಒಂದು ನಂಬರಿಗೆ ಕಟ್ಟಿಹಾಕಿದೆ. ಆ ನಂಬರು ಕಂಪನಿಯ ಹಿಡಿತದಲ್ಲಿದ್ದರೆ ಬದುಕಿನ ಜುಟ್ಟೂ ಕಂಪನಿಯ ಕೈಯಲ್ಲಿದ್ದಂತೆಯೇ.

ಈ ಹಿಡಿತದ ಸರಪಳಿ ಎರಡು ಬಗೆಯದು. ಮೊದಲನೆಯದು ಪೋಸ್ಟ್‌ಪೇಡ್ ಕರಾರು. ಸೋಡಿ ದರದಲ್ಲಿ ಹ್ಯಾಂಡ್‌ಸೆಟ್ ಕೊಡುತ್ತೇವೆಂದೋ, ಅಂಗಡಿಯ ನಾಲ್ಕಾರು ನಂಬರುಗಳಿಗೆ ಒಟ್ಟಾಗಿ ಕಡಿಮೆ ದರವೆಂದೋ ಆಸೆ ತೋರಿಸಿ, ಇಷ್ಟು ಅವಧಿ ಬಿಡಕೂಡದೆಂದು ಸಣ್ಣಕ್ಷರದಲ್ಲಿ ಬರೆದು ರುಜು ಹಾಕಿಸಿಕೊಳ್ಳುವುದು. ಎರಡನೆಯದು ಬಡವನ ಸರಪಳಿ, ಪ್ರೀಪೇಡ್. ಅಲ್ಲಿ ಕರಾರುಪತ್ರದ ಸುಳಿವೇ ಇಲ್ಲ, ಆದರೆ ಹಣ ಮುಂಗಡ. 28 ದಿನವನ್ನೇ ತಿಂಗಳೆಂದು ಎಣಿಸಿ ವರ್ಷಕ್ಕೆ 13 ರೀಚಾರ್ಜ್ ಮಾಡಿಸಿದ ಜಾಣರು ಇವರು. 30 ದಿನದ ಒಂದು ಯೋಜನೆಯನ್ನಾದರೂ ಇಡಿ ಎಂದು 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಆಜ್ಞೆ ಮಾಡಬೇಕಾಯಿತು. ಪದೇ ಪದೇ ಕಟ್ಟುವ ಕಷ್ಟ ಬೇಡವೆಂದು ಒಬ್ಬ ಕಾರ್ಮಿಕ ಬೋನಸ್ ಹಣದಲ್ಲಿ ಇಡೀ ವರ್ಷದ ರೀಚಾರ್ಜ್ ಮಾಡಿಸಿದನೆನ್ನಿ. ಎರಡನೆಯ ತಿಂಗಳಿಗೆ ಅವನ ಓಣಿಯಲ್ಲಿ ಸಿಗ್ನಲ್ ಸತ್ತಿತು. ಅವನು ನಂಬರು ಉಳಿಸಿಕೊಂಡು ಬೇರೆ ಕಂಪನಿಗೆ ಹೋಗಬಹುದು. ಆದರೆ ಉಳಿದ ಹತ್ತು ತಿಂಗಳ ಹಣ ಮುಳುಗಿತು. ಇದಕ್ಕೆ ದಂಡವೆಂಬ ಹೆಸರಿಲ್ಲ ಅಷ್ಟೆ. ದಂಡಕ್ಕಿಂತ ಇದು ಯಾವ ಬಗೆಯಲ್ಲಿ ಕಡಿಮೆ?

ನಂಬರು ಬದಲಿಸದೆ ಕಂಪನಿ ಬದಲಿಸುವ ಹಕ್ಕು ದೇಶದಾದ್ಯಂತ ಜಾರಿಗೆ ಬಂದದ್ದು 2011ರ ಜನವರಿ 20ರಂದು. ಅದಕ್ಕೆ ತಗಲುವ ಶುಲ್ಕ ಆರೂವರೆ ರೂಪಾಯಿಗೂ ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ ನಿಯಮಗಳನ್ನು ಬಿಡಿಸಿ ಓದಿದರೆ ಬಾಗಿಲಿಗೆ ಹಾಕಿದ ಅಗುಳಿ ಕಾಣುತ್ತದೆ. ಒಂದು ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಬಿಲ್ಲಿನ ಬಾಕಿ ಇರಕೂಡದು. ಕರಾರಿನಲ್ಲಿ ಬಿಡುಗಡೆಯ ಷರತ್ತು ಇದ್ದರೆ ಅದನ್ನು ಪೂರೈಸಿರಬೇಕು. ಇಲ್ಲದಿದ್ದರೆ ಪೋರ್ಟ್ ಅರ್ಜಿ ನಡೆಯದು. ಗ್ರಾಹಕ ತೆರಬೇಕಾದ್ದೆಲ್ಲ ಆ ನಿಯಮದಲ್ಲಿ ಎಣಿಸಿಟ್ಟಿದೆ. ಕಂಪನಿ ಸಿಗ್ನಲ್ ಕೊಟ್ಟಿತ್ತೇ ಎಂಬ ಒಂದು ಪ್ರಶ್ನೆ ಮಾತ್ರ ಅಲ್ಲಿಲ್ಲ!

ಕಂಪನಿಗಳ ಬುದ್ಧಿ ಇನ್ನೂ ಮುಂದೆ ಹೋಗಿತ್ತು. ಪೋರ್ಟ್ ಮಾಡಬೇಕಾದರೆ 1900ಕ್ಕೆ ಒಂದು ಸಂದೇಶ ಕಳಿಸಬೇಕು. ಕಡಿಮೆ ದರದ ರೀಚಾರ್ಜ್‌ಗಳಲ್ಲಿ ಸಂದೇಶ ಕಳಿಸುವ ಸೌಲಭ್ಯವನ್ನೇ ಕಿತ್ತುಹಾಕಿದ್ದರಿಂದ ಬಡ ಗ್ರಾಹಕರಿಗೆ ಆ ದಾರಿಯೂ ಮುಚ್ಚಿತು. ಯಾವ ದರದ ರೀಚಾರ್ಜ್ ಆಗಿದ್ದರೂ 1900ಕ್ಕೆ ಸಂದೇಶ ಹೋಗಲೇಬೇಕೆಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ಅಪ್ಪಣೆ ಹೊರಡಿಸಿದ ಮೇಲೆಯೇ ಅಗುಳಿ ಸರಿದದ್ದು.

ಕಂಪನಿಗಳ ವಾದವನ್ನೂ ಕೇಳೋಣ. "ಹ್ಯಾಂಡ್‌ಸೆಟ್ ಮೇಲೆ ನಾವು ಹಣ ಹೂಡಿದ್ದೇವೆ, ಮಧ್ಯದಲ್ಲಿ ಬಿಟ್ಟರೆ ನಮಗೆ ನಷ್ಟ. ಟವರು ಕಟ್ಟಲು ಜನರೇ ಅಡ್ಡಿ ಬರುತ್ತಾರೆ." ಟವರು ಕಟ್ಟುವುದು ಕಷ್ಟವಿರಬಹುದು. ಕಟ್ಟುವ ಮುಂಚೆಯೇ ಮಾರಿದ್ದು ಏಕೆ? ಇನ್ನು ಹ್ಯಾಂಡ್‌ಸೆಟ್ಟಿನ ಬಾಕಿ ನ್ಯಾಯವಾಗಿದ್ದರೆ ಅದನ್ನು ತೀರಿಸಲು ನಾವು ಸಿದ್ಧ. ಕೊಂಡದ್ದಕ್ಕೆ ಹಣ ಕೊಡದೆ ಓಡುವ ಜನ ನಾವಲ್ಲ. ಆದರೆ ಉಪಕರಣದ ಬಾಕಿ ಬೇರೆ, ಕೊಡದ ಸೇವೆಗೆ ಹಾಕುವ ದಂಡ ಬೇರೆ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಕಲಸಿ, ಯಾವುದು ಎಷ್ಟೆಂದು ತಿಳಿಯದಂತೆ ಮಾಡುವುದರಲ್ಲೇ ಮೋಸವಿದೆ. ಇದು ನಮ್ಮ ದೇಶದ ಕಂಪನಿಗಳು ಮಾತ್ರ ಕಲಿತ ವಿದ್ಯೆಯೂ ಅಲ್ಲ. ಅಮೆರಿಕದಲ್ಲಿ 2009ರ ನವೆಂಬರಿನಲ್ಲಿ ವೆರೈಝನ್ ಕಂಪನಿ ಸ್ಮಾರ್ಟ್‌ಫೋನ್ ಕೊಂಡವರ ಬಿಡುಗಡೆ ಶುಲ್ಕವನ್ನು 175 ಡಾಲರಿನಿಂದ 350 ಡಾಲರಿಗೆ ಏರಿಸಿತು. ತಿಂಗಳಿಗೆ 10 ಡಾಲರ್ ಇಳಿಸುತ್ತೇವೆ ಎಂದಿತು. ಎರಡು ವರ್ಷದ ಕರಾರಿನಲ್ಲಿ 23 ತಿಂಗಳು ಹಣ ಕಟ್ಟಿದವನೂ, ಕೊನೆಯ ತಿಂಗಳು ಬಿಟ್ಟರೆ, 120 ಡಾಲರ್ ತೆರಬೇಕು! ಹ್ಯಾಂಡ್‌ಸೆಟ್ಟಿನ ನಷ್ಟ ಎಂಬ ವಾದ ಎಷ್ಟು ನಿಜವೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ನಾವು ಹೇಳುತ್ತಿರುವುದು ಹೊಸ ನ್ಯಾಯವೇನಲ್ಲ. ಇಂಗ್ಲಿಷರ ಕಾಲದಲ್ಲಿ, 1872ರಲ್ಲಿ ಬಂದ ಕರಾರು ಕಾಯಿದೆಯಲ್ಲಿಯೇ ಇದೆ. ಎರಡೂ ಕಡೆಯವರು ಮಾತು ಕೊಟ್ಟಿರುವಾಗ, ಮೊದಲು ನಡೆಸಬೇಕಾದವನು ನಡೆಸದಿದ್ದರೆ ಎದುರಿನವನಿಂದ ಕೇಳುವ ಹಕ್ಕು ಅವನಿಗಿಲ್ಲ, ತಾನೇ ನಷ್ಟ ತುಂಬಿಕೊಡಬೇಕು ಎನ್ನುತ್ತದೆ 54ನೆಯ ಕಲಮು. ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ನ್ಯಾಯವಾದಷ್ಟು ಪರಿಹಾರವನ್ನು ಮಾತ್ರ ಕೊಡಿಸಬಹುದು ಎನ್ನುತ್ತದೆ 74ನೆಯ ಕಲಮು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೂ ಸ್ಪಷ್ಟ: ಆದ ನಷ್ಟಕ್ಕೂ ಹಾಕಿದ ದಂಡಕ್ಕೂ ತಾಳಮೇಳವಿಲ್ಲದಿದ್ದರೆ ಅದು ಅನ್ಯಾಯದ ಕರಾರು. ಆದರೆ ಅಲ್ಲೂ ಒಂದು ಮಸಲತ್ತಿದೆ ನೋಡಿ. ಸೇವೆಯ ಲೋಪದ ದೂರನ್ನು ಜಿಲ್ಲಾ ಆಯೋಗ ಕೇಳಬಹುದು. ಕರಾರೇ ಅನ್ಯಾಯವೆಂದು ಸಾರಿ ಅದರ ಷರತ್ತನ್ನು ರದ್ದುಮಾಡುವ ಅಧಿಕಾರ ಮಾತ್ರ ರಾಜ್ಯ ಆಯೋಗಕ್ಕೆ ಮತ್ತು ಅದರ ಮೇಲಿನದಕ್ಕೆ! ಕರಾರಿಗೆ ರುಜು ಹಾಕಿಸಿಕೊಳ್ಳಲು ಕಂಪನಿ ನಮ್ಮೂರಿನ ಬಾಗಿಲಿಗೇ ಬರುತ್ತದೆ. ಅದನ್ನು ಪ್ರಶ್ನಿಸಲು ನಾವು ಕೂಲಿ ಕಳೆದುಕೊಂಡು ರೈಲು ಹತ್ತಬೇಕು.

ಕಾಯಿದೆ ಇದ್ದರೂ ನ್ಯಾಯ ಎಷ್ಟು ನಿಧಾನವೆಂಬುದನ್ನು ಇತಿಹಾಸ ಹೇಳುತ್ತದೆ. ಟೆಲಿಫೋನ್ ತಕರಾರುಗಳು ಗ್ರಾಹಕ ವೇದಿಕೆಗೆ ಸಲ್ಲವೆಂದು 2009ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. 1885ರ ಟೆಲಿಗ್ರಾಫ್ ಕಾಯಿದೆಯ ಪ್ರಕಾರ ಪಂಚಾಯ್ತಿಗೆ ಹೋಗಬೇಕಾಗಿತ್ತು. ಖಾಸಗಿ ಕಂಪನಿಗಳು ಇದನ್ನೇ ಗುರಾಣಿ ಮಾಡಿಕೊಂಡವು. ಅಹಮದಾಬಾದಿನ ಒಬ್ಬ ಗ್ರಾಹಕರಿಗೆ ಒಮ್ಮೆ 24,609 ರೂಪಾಯಿಯ ಬಿಲ್ಲು ಬಂತು. ಅವರ ಮಾಮೂಲು ಬಿಲ್ಲು ಸರಾಸರಿ 555 ರೂಪಾಯಿ. 2014ರಲ್ಲಿ ಅವರು ಜಿಲ್ಲಾ ವೇದಿಕೆಗೆ ಹೋದರೆ, ಈ ವೇದಿಕೆಗೆ ಅಧಿಕಾರವೇ ಇಲ್ಲವೆಂದು ಕಂಪನಿ ಹಟ ಹಿಡಿದು ದೆಹಲಿಯವರೆಗೆ ಎಳೆಯಿತು. ಗ್ರಾಹಕ ವೇದಿಕೆಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಫೆಬ್ರವರಿ 16ರಂದು. ಬಿಲ್ಲು ಸರಿಯೋ ತಪ್ಪೋ ಎಂಬುದಲ್ಲ, ಎಲ್ಲಿ ಕೇಳಬೇಕು ಎಂಬುದು ತೀರ್ಮಾನವಾಗಲು ಎಂಟು ವರ್ಷ!

ಕಡಿದುಹೋದ ಪ್ರತಿ ಕರೆಗೆ ಒಂದು ರೂಪಾಯಿ, ದಿನಕ್ಕೆ ಮೂರು ರೂಪಾಯಿ ಮೀರದಂತೆ ಗ್ರಾಹಕನಿಗೆ ಕೊಡಿ ಎಂದು 2015ರಲ್ಲಿ ಟ್ರಾಯ್ ನಿಯಮ ಮಾಡಿತು. ಕಂಪನಿಗಳೆಲ್ಲ ಒಟ್ಟಾಗಿ ಕೋರ್ಟಿಗೆ ಓಡಿದವು. 2016ರ ಮೇ 11ರಂದು ಆ ನಿಯಮ ರದ್ದಾಯಿತು. ಮಾರುಕಟ್ಟೆಯಲ್ಲಿ ಪೈಪೋಟಿ ಮಾಡುವವರು ಗ್ರಾಹಕನಿಗೆ ಒಂದು ರೂಪಾಯಿ ಕೊಡಬೇಕಾಗಿ ಬಂದಾಗ ಎಷ್ಟು ಬೇಗ ಒಗ್ಗಟ್ಟಾದರು ನೋಡಿ! 2024ರ ಅಕ್ಟೋಬರಿನಿಂದ ಹೊಸ ನಿಯಮ ಬಂದಿದೆ: ಜಿಲ್ಲೆಯಲ್ಲಿ 24 ಗಂಟೆಗಿಂತ ಹೆಚ್ಚು ಕಾಲ ನೆಟ್‌ವರ್ಕ್ ನಿಂತರೆ ಪೋಸ್ಟ್‌ಪೇಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಡ್‌ನವರಿಗೆ ಅವಧಿ ವಿಸ್ತರಣೆ. ಇದು ಒಳ್ಳೆಯದೇ. ಆದರೆ ಪ್ರತಿ ಸಂಜೆ ವ್ಯಾಪಾರದ ಹೊತ್ತಿನಲ್ಲೇ ಎರಡು ಗಂಟೆ ಸಾಯುವ ಸಿಗ್ನಲ್ಲಿಗೆ ಈ ನಿಯಮ ಒದಗುವುದಿಲ್ಲ. ಚಿಲ್ಲರೆ ವ್ಯಾಪಾರಿಯ ಹೊಟ್ಟೆಗೆ ಬೀಳುವ ಪೆಟ್ಟು ಆ ಎರಡು ಗಂಟೆಯದೇ.

ಹಾಗಾದರೆ ಈಗಿರುವ ಕಾಯಿದೆಯಲ್ಲೇ ಮಾಡಬೇಕಾದ್ದೇನು? ಸಿಟ್ಟಿನಿಂದ ಬಿಲ್ಲು ಕಟ್ಟುವುದನ್ನು ನಿಲ್ಲಿಸಬೇಡಿ. ಬಾಕಿ ನಿಂತರೆ ಪೋರ್ಟ್ ನಿಲ್ಲುತ್ತದೆ. ಕಂಪನಿಗೆ ಬೇಕಾದ್ದೂ ಅದೇ. ಸಿಗ್ನಲ್ ಹೋದ ದಿನ, ಹೊತ್ತು, ಜಾಗ ಬರೆದಿಡಿ. ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ಡಾಕೆಟ್ ಸಂಖ್ಯೆ ಪಡೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ; ಇದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಟ್ರಾಯ್‌ಗೆ ಬರೆದು ಕಾದು ಕೂರಬೇಡಿ. ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ನಂಬರು ಉಳಿಸಿಕೊಳ್ಳಲು ಬಿಡುಗಡೆ ಶುಲ್ಕ ಕಟ್ಟಲೇಬೇಕಾಗಿ ಬಂದರೆ "ಆಕ್ಷೇಪಣೆಯೊಡನೆ ಕಟ್ಟಿದ್ದೇನೆ" ಎಂದು ಬರೆದು ತಿಳಿಸಿ, ರಶೀದಿ ಇಟ್ಟುಕೊಳ್ಳಿ. ಆಮೇಲೆ ಸೇವೆಯ ಲೋಪವೆಂದು ಜಿಲ್ಲಾ ಗ್ರಾಹಕ ಆಯೋಗದಲ್ಲಿ ಆ ಹಣ ಮತ್ತು ನಷ್ಟ ಎರಡನ್ನೂ ಕೇಳಿ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಕಂಪನಿಯ ಕಛೇರಿ ಮುಂಬಯಿಯಲ್ಲಿರಲಿ ದೆಹಲಿಯಲ್ಲಿರಲಿ, ನೀವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು.

ಇನ್ನೊಂದು ಮುಖ್ಯ ಮಾತು. ಒಬ್ಬನ ದೂರು ಕಂಪನಿಗೆ ಕಡತದ ಒಂದು ಹಾಳೆ. ಆದರೆ ಒಂದೇ ಟವರಿನ ಕೆಳಗೆ ಒಂದೇ ಕಷ್ಟ ಪಡುವವರು ನೂರಾರು ಜನ. ಸಮಾನ ಹಿತದ ಅನೇಕರ ಪರವಾಗಿ, ಜಿಲ್ಲಾ ಆಯೋಗದ ಅನುಮತಿ ಪಡೆದು, ಒಂದೇ ದೂರು ಹೂಡಲು 35ನೆಯ ಕಲಮಿನಲ್ಲಿ ಅವಕಾಶವಿದೆ. ಪಾಳಿ ಮುಗಿಸಿ ಬಂದ ಕಾರ್ಮಿಕನೂ ಅದೇ ಬೀದಿಯ ಅಂಗಡಿಕಾರನೂ ಒಂದೇ ಅರ್ಜಿಗೆ ರುಜು ಹಾಕಲಿ. ಕಂಪನಿಗಳಿಗೆ ಒಗ್ಗಟ್ಟು ಗೊತ್ತಿದೆ. ನಮಗೇಕೆ ಗೊತ್ತಿರಬಾರದು?

ಸರ್ಕಾರದ ಮುಂದೆ ನಾವಿಡುವ ಒತ್ತಾಯಗಳು ಇವು:

1. ದೂರು ಕೊಟ್ಟು 15 ದಿನದೊಳಗೆ ಸಿಗ್ನಲ್ ಸರಿಯಾಗದಿದ್ದರೆ, ಯಾವ ಶುಲ್ಕವೂ ಇಲ್ಲದೆ ಕರಾರಿನಿಂದ ಹೊರಬರುವ ಹಕ್ಕನ್ನು ಪೋರ್ಟ್ ನಿಯಮದಲ್ಲೇ ಬರೆಯಬೇಕು.

2. ಹ್ಯಾಂಡ್‌ಸೆಟ್ಟಿನ ಬಾಕಿ ಮತ್ತು ಸೇವೆಯ ಬಾಡಿಗೆಯನ್ನು ಬಿಲ್ಲಿನಲ್ಲಿ ಬೇರೆ ಬೇರೆ ತೋರಿಸಬೇಕು.

3. ಸೇವೆ ಸರಿಯಿಲ್ಲದೆ ಪೋರ್ಟ್ ಮಾಡಿದ ಪ್ರೀಪೇಡ್ ಗ್ರಾಹಕನಿಗೆ ಉಳಿದ ದಿನಗಳ ಹಣವನ್ನು ಹಿಂದಿರುಗಿಸಬೇಕು.

4. ನೆಟ್‌ವರ್ಕ್ ನಿಂತ ಗಂಟೆಗಳನ್ನು ಇಡೀ ಜಿಲ್ಲೆಯ ಲೆಕ್ಕದಲ್ಲಲ್ಲ, ಟವರಿನ ಲೆಕ್ಕದಲ್ಲಿ ಎಣಿಸಬೇಕು.

5. ಅನ್ಯಾಯದ ಕರಾರನ್ನು ರದ್ದುಮಾಡುವ ಅಧಿಕಾರವನ್ನು ಜಿಲ್ಲಾ ಆಯೋಗಗಳಿಗೂ ಕೊಡಬೇಕು.

ಇದರಲ್ಲಿ ದಾನ ಕೇಳಿದ್ದು ಒಂದೂ ಇಲ್ಲ. ಕೊಟ್ಟ ಹಣಕ್ಕೆ ಸರಕು ಕೊಡಿ, ಕೊಡಲಾಗದಿದ್ದರೆ ದಾರಿ ಬಿಡಿ ಎಂದಷ್ಟೇ ನಾವು ಕೇಳುತ್ತಿರುವುದು. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ಪಾಲಿಸುವ ನ್ಯಾಯ ಇದು. ಸಾವಿರಾರು ಕೋಟಿಯ ಕಂಪನಿಗಳಿಗೆ ಇದು ಭಾರವಾಗಬಾರದು.